ಮಾದಾಪುರದ ಶೆಡ್ ಪ್ರಶ್ನೆಗೆ: ತುಂಬಿದ ಮಣ್ಣಿನ ಮೇಲೆ ಕಂಬ ನಿಲ್ಲಿಸಬೇಡಿ

ಕೊಡಗಿನ ಮಾದಾಪುರ ಕಡೆಯಿಂದ ಕೇಳಿದವರಿಗೆ ನಮಸ್ಕಾರ. ಇಳಿಜಾರನ್ನು ಜೆಸಿಬಿಯಲ್ಲಿ ಕಡಿದು, ಅದೇ ಮಣ್ಣನ್ನು ಕೆಳಗೆ ತಳ್ಳಿ ಸಮತಟ್ಟು ಮಾಡಿದ್ದೀರಿ. ಅಲ್ಲಿ 40 ಅಡಿಗೆ 25 ಅಡಿಯ ಕಾಫಿ ಶೆಡ್, ಹತ್ತು ಕಂಬ. ಒಂದೂವರೆ ಅಡಿ ಚೌಕದ, ಮೂರಡಿ ಆಳದ ಗುಂಡಿಗೆ ಕಾಂಕ್ರೀಟ್ ತುಂಬಿದರೆ ಸಾಕಾ ಅಂತ ಕೇಳಿದ್ದೀರಿ. ಬರೆ (ಕಡಿದ ಇಳಿಜಾರಿನ ಮಣ್ಣಿನ ಗೋಡೆ) ಕಡೆಯ ಐದು ಕಂಬಗಳು ಗಟ್ಟಿ ನೆಲದಲ್ಲಿವೆ. ಕೆಳಗಿನ ಐದರದ್ದೇ ಚಿಂತೆ.

ನಾನೂ ಹೀಗೇ ಕಟ್ಟಿದ್ದೆ. ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ಕೆಳಗಿನ ಸಾಲು ಎರಡಿಂಚು ಕೂತಿತ್ತು. ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡಿತು. ಕಡಿದ ನೆಲ, ತುಂಬಿದ ನೆಲ ಸೇರುವ ಗೆರೆಯುದ್ದಕ್ಕೂ ಬೆರಳು ತೂರುವಷ್ಟು ಬಿರುಕು. ಸಿಮೆಂಟ್ ಜಾಸ್ತಿ ಹಾಕಿದ್ದರಿಂದ ಏನೂ ಪ್ರಯೋಜನವಾಗಲಿಲ್ಲ, ಕೂತದ್ದು ಕಾಂಕ್ರೀಟ್ ಅಲ್ಲ, ಅದರ ಅಡಿಯ ಮಣ್ಣು. ಹಾಗಾಗಿ ಕೆಳಗಿನ ಗುಂಡಿಗಳನ್ನು ಹಳೇ ನೆಲ ಸಿಗುವವರೆಗೆ ಇಳಿಸಿ. ಗಡಾರಿ ಹಾಕಿದರೆ ಕೈಗೇ ಗೊತ್ತಾಗುತ್ತದೆ: ತುಂಬಿದ ಮಣ್ಣಲ್ಲಿ ಸಲೀಸಾಗಿ ಇಳಿಯುತ್ತದೆ, ಬೇರು, ತರಗೆಲೆ ಮೇಲೆ ಬರುತ್ತವೆ, ಹಳೇ ನೆಲಕ್ಕೆ ತಗುಲಿದಾಗ ಠಣ್ ಅನ್ನುತ್ತದೆ. ಆ ಆಳ ಆರೇಳು ಅಡಿ ದಾಟಿದರೆ ಶೆಡ್ಡನ್ನೇ ಬರೆ ಕಡೆಗೆ ಸರಿಸಿ, ಇಲ್ಲವೇ ಒಬ್ಬ ಎಂಜಿನಿಯರನ್ನು ಕರೆಸಿ. ಬರೆಯ ಬುಡಕ್ಕೂ ತೀರಾ ಅಂಟಿಸಬೇಡಿ. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದದ್ದನ್ನು ನಾವೆಲ್ಲ ನೋಡಿದ್ದೇವೆ. ಬರೆಯ ಮೇಲ್ಗಡೆ ಚರಂಡಿ ತೆಗೆದು, ನೀರನ್ನು ತುಂಬಿದ ಮಣ್ಣಿಗೆ ಬಿಡದೆ ಪಕ್ಕಕ್ಕೆ ಸಾಗಿಸಿ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಶೀಟಿನ ಶೆಡ್ಡಿಗೆ ದೊಡ್ಡ ಭಾರ ಮೇಲಿಂದ ಬರುವುದಲ್ಲ, ಗಾಳಿ ಅದನ್ನು ಮೇಲಕ್ಕೆ ಎತ್ತುವುದು. ಗಂಟೆಗೆ 120 ಕಿ.ಮೀ. ಗಾಳಿ ಚದರ ಮೀಟರಿಗೆ ಸುಮಾರು 68 ಕೆಜಿ ಒತ್ತಡ ತರುತ್ತದೆ. ನಿಮ್ಮ ಶೆಡ್ಡಿನ ನಡುವಿನ ಒಂದೊಂದು ಕಂಬದ ಪಾಲಿಗೆ 125 ಚದರ ಅಡಿ ಚಾವಣಿ, ಅಂದರೆ ಸುಮಾರು 11.6 ಚದರ ಮೀಟರ್. ಶೀಟು, ಪರ್ಲಿನ್ (ಶೀಟು ಕೂರುವ ಅಡ್ಡಪಟ್ಟಿ) ತೂಕ ಕಳೆದರೂ 600 ಕೆಜಿ ಎಳೆತ ಉಳಿಯುತ್ತದೆ. ನಿಮ್ಮ ಗುಂಡಿಯ ಕಾಂಕ್ರೀಟ್ 450 ಕೆಜಿ ಅಷ್ಟೆ. ಅದರ ಬದಲು ನಾಲ್ಕಡಿ ಆಳಕ್ಕೆ ಹೋಗಿ, ತಳದಲ್ಲಿ ಎರಡೂವರೆ ಅಡಿ ಚೌಕ, ಒಂದಡಿ ದಪ್ಪದ ಹಾಸು ಹಾಕಿ, ಕಂಬಿ ಕಟ್ಟಿ, ಅದರ ಮೇಲೆ ಒಂದಡಿ ಚೌಕದ ಪೀಠ ಎಬ್ಬಿಸಿ. ಸುತ್ತಲ ಮಣ್ಣನ್ನು ಅರ್ಧರ್ಧ ಅಡಿಯಂತೆ ದಮ್ಮಸು ಮಾಡಿ ತುಂಬಿ. ಆಗ ಹಾಸಿನ ಮೇಲೆ ಕೂತ ಮಣ್ಣೂ ಸೇರಿ 1,300 ಕೆಜಿ ಹತ್ತಿರ ಹಿಡಿತ ಸಿಗುತ್ತದೆ.

ಕಾಂಕ್ರೀಟಿಗೆ 50 ಕೆಜಿ ಚೀಲಕ್ಕೆ 25ರಿಂದ 27 ಲೀಟರ್ ನೀರು, ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಹತ್ತು ದಿನ ಒದ್ದೆ ಗೋಣಿಚೀಲ ಹೊದಿಸಿಡಿ, ಫೆಬ್ರವರಿ ಬಿಸಿಲಲ್ಲಿ ಇದನ್ನು ತಪ್ಪಿಸಲೇಬೇಡಿ.

ವೆಲ್ಡಿಂಗ್ ಬಗ್ಗೆ: ಜಿಐ ಪೈಪಾದರೆ ಬೆಸುಗೆ ಬೀಳುವ ಜಾಗದ ಸತುವಿನ ಲೇಪ ಗ್ರೈಂಡ್ ಮಾಡಿ ತೆಗೆಸಿ, ಇಲ್ಲದಿದ್ದರೆ ಬೆಸುಗೆಯೊಳಗೆ ಗುಳ್ಳೆ ಉಳಿಯುತ್ತದೆ, ಆ ಹೊಗೆ ಕೆಲಸಗಾರನಿಗೂ ಕೆಟ್ಟದ್ದು. ಕಂಬದ ಬುಡದ ಬೇಸ್ ಪ್ಲೇಟಿಗೆ ನಾಲ್ಕು ಚುಕ್ಕೆ ಬೆಸುಗೆ ಸಾಲದು, ಸುತ್ತಲೂ ಬೆಸುಗೆ ಬೇಕು. ಬೆಸುಗೆಯ ಮೇಲೆ ಕಟ್ಟುವ ಸ್ಲ್ಯಾಗ್ ಪದರ ಕುಟ್ಟಿ ತೆಗೆಸಿ ನೋಡಿದ ಮೇಲೆಯೇ ಪ್ರೈಮರ್ ಹಚ್ಚಲು ಬಿಡಿ.

ಗುಂಡಿ ತೋಡಿದ ಮೇಲೆ, ಕಾಂಕ್ರೀಟ್ ಹಾಕುವ ಮೊದಲು, ಕೆಳಸಾಲಿನ ಐದೂ ಗುಂಡಿಗಳ ತಳದ ಫೋಟೋ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.