300 ಓಮ್ ಹೆಡ್‌ಫೋನ್‌ಗೆಂದು ಕೊಂಡ ಪೋರ್ಟಬಲ್ ಆಂಪ್‌ಗೆ (ಆಂಪ್ಲಿಫೈಯರ್‌ಗೆ) ಇಯರ್‌ಫೋನ್ ಜೋಡಿಸಿದರೆ ಅಪಾಯವೇ?

ಜೋಡಿಸಬಹುದು, ಆದರೆ ಅದಕ್ಕೂ ಮೊದಲು ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ, ಓಮ್‌ಗಳಲ್ಲಿ) ಮತ್ತು ಸೆನ್ಸಿಟಿವಿಟಿ (ಇಷ್ಟು ವಿದ್ಯುತ್ತಿಗೆ ಎಷ್ಟು ಸದ್ದು ಬರುತ್ತದೆ, ಡೆಸಿಬೆಲ್‌ಗಳಲ್ಲಿ) ಎಂಬ ಎರಡು ಅಂಕಿಗಳನ್ನು ನೋಡಿಕೊಳ್ಳಬೇಕು. ಆಂಪ್‌ನ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಮಿಲಿವ್ಯಾಟ್ ಎಷ್ಟು ಓಮ್‌ಗೆ ಅನ್ವಯಿಸುತ್ತದೆ ಎಂದು ಹೇಳದಿದ್ದರೆ ಅದು ಬರೀ ಜಾಹೀರಾತು.

ಸೆನ್‌ಹೈಸರ್ ಎಚ್‌ಡಿ 650 ಅನ್ನೇ ತೆಗೆದುಕೊಳ್ಳಿ. 300 ಓಮ್‌ನ ಈ ಹೆಡ್‌ಫೋನ್ 1 ವೋಲ್ಟ್‌ಗೆ ಸುಮಾರು 103 ಡೆಸಿಬೆಲ್ ಕೊಡುತ್ತದೆ. ಸಂಗೀತದ ಏರುಗಳಿಗಾಗಿ ಇನ್ನೂ 10 ಡೆಸಿಬೆಲ್ ಬೇಕೆಂದರೆ 3.2 ವೋಲ್ಟ್ ಒದಗಿಸಬೇಕು, ಆಗಲೂ ಖರ್ಚಾಗುವುದು 34 ಮಿಲಿವ್ಯಾಟ್ ಮಾತ್ರ. ಅದೇ 3.2 ವೋಲ್ಟನ್ನು 32 ಓಮ್‌ನ, 1 ಮಿಲಿವ್ಯಾಟ್‌ಗೆ 110 ಡೆಸಿಬೆಲ್ ಕೊಡುವ ಇಯರ್‌ಫೋನ್‌ಗೆ ಹರಿಸಿದರೆ ಶಕ್ತಿ 320 ಮಿಲಿವ್ಯಾಟ್‌ಗೆ ಏರಿ, ಸದ್ದು ಲೆಕ್ಕದ ಪ್ರಕಾರ 135 ಡೆಸಿಬೆಲ್ ತಲುಪುತ್ತದೆ. ಇಯರ್‌ಫೋನ್‌ನೊಳಗಿನ ಡ್ರೈವರ್ (ಪುಟ್ಟ ಸ್ಪೀಕರ್) ಸುಟ್ಟರೆ ಹೊಸದು ಕೊಳ್ಳಬಹುದು, ಕಿವಿಗೆ ಆ ಸೌಕರ್ಯವಿಲ್ಲ.

ಆದ್ದರಿಂದ ಆಂಪ್ ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂದು ನಿರ್ಧರಿಸುವ ಗೇನ್ ಸ್ವಿಚ್ಚನ್ನು ಕೆಳಮಟ್ಟದಲ್ಲಿಟ್ಟು, ವಾಲ್ಯೂಮ್ ಪೂರ್ತಿ ಇಳಿಸಿ, ಪ್ಲಗ್ ಸಿಕ್ಕಿಸಿ, ಹಾಡು ಶುರುವಾದ ಮೇಲಷ್ಟೇ ಇಯರ್‌ಫೋನನ್ನು ಕಿವಿಗಿಟ್ಟು ನಿಧಾನವಾಗಿ ಏರಿಸಿ. ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ (ಆಂಪ್‌ನ ಒಳಗಿನ ತಡೆ) ಇಯರ್‌ಫೋನ್‌ನದರ ಎಂಟನೇ ಒಂದು ಭಾಗವನ್ನು, ಅಂದರೆ ಇಲ್ಲಿ 4 ಓಮ್ ಅನ್ನು ಮೀರದಿರುವುದು ಒಳ್ಳೆಯದು. ಮೀರಿದರೆ ಅಪಾಯವೇನಿಲ್ಲ, ನಾದದ ಬಣ್ಣ ಬದಲಾಗಬಹುದು, ಅಷ್ಟೆ.

4.4 ಮಿಲಿಮೀಟರ್‌ನ ಬ್ಯಾಲೆನ್ಸ್ಡ್ (ಎಡ-ಬಲಕ್ಕೆ ಪ್ರತ್ಯೇಕ ಋಣ ತಂತಿಗಳಿರುವ) ಕಿಂಡಿಗೆ ಮಾತ್ರ ಅಡಾಪ್ಟರ್ ಹಾಕಿ ಸಾಮಾನ್ಯ 3.5 ಮಿಲಿಮೀಟರ್ ಪ್ಲಗ್ ಜೋಡಿಸಬೇಡಿ, ಏಕೆಂದರೆ ಎಡ-ಬಲ ಚಾನೆಲ್‌ಗಳ ಋಣ ತಂತಿಗಳು ಅಲ್ಲಿ ಒಂದಕ್ಕೊಂದು ತಾಗಿ ಆಂಪ್ ಕೆಡಬಹುದು.