ಹೆದರುವ ಹುಡುಗನಿಗೆ ಛಲ ಇಲ್ಲವೆ?

ಆಟೋಟದ ಮಕ್ಕಳ ಮನಸ್ಸು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗನಿಗೆ ಹದಿಮೂರು ವರ್ಷ. ಶಾಲೆಯ ಮೈದಾನದಲ್ಲಿ ಉದ್ದಜಿಗಿತ 4.60 ಮೀಟರ್ ಸಲೀಸಾಗಿ ಹಾರುತ್ತಾನೆ. ಉಪಜಿಲ್ಲಾ ಕ್ರೀಡಾಕೂಟದಲ್ಲಿ ಮೂರಕ್ಕೆ ಮೂರೂ ಫೌಲ್. ಆ ದಿನ ಬೆಳಗ್ಗೆ ತಿಂಡಿ ಮುಟ್ಟಲಿಲ್ಲ, ನಾಲ್ಕು ಸಲ ಮೂತ್ರಕ್ಕೆ ಹೋದ, ಯಾರೊಡನೆಯೂ ಮಾತಿಲ್ಲ. ‘ಪ್ರಾಕ್ಟೀಸಿನಲ್ಲಿ ಮಾತ್ರ ಹುಲಿ, ಸ್ಪರ್ಧೆಯ ಛಲ ಇವನಿಗಿಲ್ಲ’ ಅಂದರು ಪಿ.ಟಿ. ಮಾಷ್ಟ್ರು. ಬಿಡಿಸಿಬಿಡುವುದೆ?
— ತಾಯಿ, ಕುಂಬಳೆ

ಉತ್ತರ: ಬಿಡಿಸಬೇಡಿ ಅಮ್ಮ. ಗೆದ್ದರೂ ಸೋತರೂ ಒಂದೇ ಎನ್ನುವ ಹುಡುಗ ಕೂಟದ ದಿನವೂ ಎರಡು ದೋಸೆ ಹೆಚ್ಚೇ ತಿಂದು ಹೊರಡುತ್ತಾನೆ. ನಿಮ್ಮ ಮಗನಿಗೆ ಆ ಜಿಗಿತ ತುಂಬಾ ಬೇಕಾಗಿತ್ತು. ಎದೆ ಡವಗುಟ್ಟುವುದು, ಅಂಗೈ ಬೆವರುವುದು, ಮೂತ್ರಕ್ಕೆ ಅವಸರವಾಗುವುದು ಮೈ ಸ್ಪರ್ಧೆಗೆ ಸಜ್ಜಾಗುವ ರೀತಿ. ದೊಡ್ಡ ದೊಡ್ಡ ಆಟಗಾರರಿಗೂ ಇದು ತಪ್ಪಿದ್ದಲ್ಲ.

ಫೌಲ್ ಆದದ್ದಕ್ಕೆ ಲೆಕ್ಕವೇ ಬೇರೆ. ಈ ವಯಸ್ಸಿನವರು ಸಾಮಾನ್ಯವಾಗಿ 13 ಅಥವಾ 15 ಹೆಜ್ಜೆ ಓಡಿಬಂದು ಹಾರುತ್ತಾರೆ. ಹುರುಪಿನಲ್ಲಿ ಹೆಜ್ಜೆಯೊಂದು ಬರೀ 2 ಸೆಂ.ಮೀ. ಉದ್ದವಾಯಿತೆನ್ನಿ, 15 ಹೆಜ್ಜೆಗೆ 30 ಸೆಂ.ಮೀ. ಜಿಗಿತದ ಹಲಗೆಯ ಅಗಲವೇ 20 ಸೆಂ.ಮೀ.! ಪ್ರಾಕ್ಟೀಸಿನಲ್ಲಿ ಹಲಗೆಯ ನಡುವಿಗೆ ಬೀಳುತ್ತಿದ್ದ ಪಾದ ಕೂಟದಲ್ಲಿ ಗೆರೆ ದಾಟಿ ಬೀಳುತ್ತದೆ. ಮೊದಲ ಫೌಲ್ ಆದ ಕೂಡಲೇ ಬದಿಯಿಂದ ‘ಹಲಗೆ ನೋಡಿ ಹಾರು’ ಎಂದು ಯಾರೋ ಕೂಗುತ್ತಾರೆ. ಹುಡುಗ ತಲೆ ತಗ್ಗಿಸಿ ಹಲಗೆಯನ್ನೇ ನೋಡುತ್ತಾ ಓಡುತ್ತಾನೆ, ಕೊನೆಯ ಮೂರು ಹೆಜ್ಜೆ ಗಲಿಬಿಲಿ. ಅಲ್ಲಿಗೆ ಎರಡನೆಯದೂ ಹೋಯಿತು.

ಆದ್ದರಿಂದ ಕೂಟದ ಮೈದಾನದಲ್ಲಿ ಎರಡು ಸಲ ಪೂರ್ತಿ ವೇಗದ ಓಟ ಓಡಿಸಿ, ಪಾದ ಎಲ್ಲಿ ಬಿತ್ತೆಂದು ಇನ್ನೊಬ್ಬರು ಬದಿಯಲ್ಲಿ ನಿಂತು ನೋಡಲಿ. ಎಷ್ಟು ಮುಂದೆ ಬಿತ್ತೋ ಓಟ ಶುರುಮಾಡುವ ಗುರುತನ್ನು ಅಷ್ಟೇ ಹಿಂದಿಡಿ. ಮೊದಲ ಜಿಗಿತಕ್ಕೆ ಅದರ ಮೇಲೂ ಒಂದು ಗೇಣು ಹಿಂದೆ. ಅಳತೆ ಹಲಗೆಯ ಮುಂದಿನ ಅಂಚಿನಿಂದಲೇ, ಹಾಗಾಗಿ ಒಂದು ಗೇಣು ನಷ್ಟವಾಗುತ್ತದೆ, ಆಗಲಿ. ಹೆಸರಿನ ಎದುರು ಒಂದು ಅಂಕೆ ಬಿದ್ದರೆ ಹುಡುಗನ ಹೆಗಲು ಸಡಿಲವಾಗುವುದು ನಿಮ್ಮ ಕಣ್ಣಿಗೇ ಕಾಣುತ್ತದೆ.

ಇನ್ನು ಮನಸ್ಸು. ನಾಲ್ಕು ದಿನ ಕಳೆದ ಮೇಲೆ ಪುರುಸೊತ್ತಿನಲ್ಲಿ ಕೇಳಿ: ‘ಓಡುವ ಮೊದಲು ತಲೆಯಲ್ಲಿ ಏನಿತ್ತು?’ ‘ಕಾಲು ನಡುಗುತ್ತಿತ್ತು’ ಎಂದರೆ ಅದು ಮೈಯ ಹೆದರಿಕೆ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ, ಹೀಗೆ ಐದು ಸಲ. ಪ್ರಾಕ್ಟೀಸಿನಲ್ಲಿ ಪ್ರತಿ ಜಿಗಿತಕ್ಕೂ ಮೊದಲು ಎರಡು ಮೂರು ವಾರ ಮಾಡಿದ್ದರೆ ಮಾತ್ರ ಕೂಟದಲ್ಲಿ ಒದಗುತ್ತದೆ. ‘ಫೌಲ್ ಆದರೆ ಅಪ್ಪ ಏನು ಹೇಳುತ್ತಾರೋ’ ಎಂದರೆ ಉಸಿರಾಟದಿಂದ ಆಗುವ ಕೆಲಸವಲ್ಲ, ಅಪ್ಪನೇ ಮಾತಾಡಬೇಕು. ವಾರಕ್ಕೊಮ್ಮೆ ಕೂಟದ ಹಾಗೆಯೇ ಹೆಸರು ಕರೆದು, ಎಲ್ಲರೂ ನೋಡುತ್ತಿರುವಾಗ, ಮೂರೇ ಜಿಗಿತ ಹಾರಿಸಿ. ಹೊಟ್ಟೆಗೆ, ಎರಡು ಗಂಟೆ ಮೊದಲು ಒಂದು ಹಿಡಿ ಅವಲಕ್ಕಿ, ಬೆಲ್ಲ, ಒಂದು ಬಾಳೆಹಣ್ಣು ಸಾಕು.

ಪ್ರಶ್ನೆ: ನಮ್ಮ ಕಬಡ್ಡಿ ತಂಡದ ಮುಖ್ಯ ರೈಡರ್ ಹದಿನೈದರ ಹುಡುಗಿ. ಸೋತರೆ ಎದುರಾಳಿಗಳ ಕೈಕುಲುಕುವುದಿಲ್ಲ, ಜೊತೆಯವರನ್ನು ಬೈಯುತ್ತಾಳೆ, ಆಮೇಲೆ ಅಳುತ್ತಾಳೆ. ಉಳಿದವರಿಗೆ ಸಾಕಾಗಿದೆ.
— ತರಬೇತುದಾರ, ಬದಿಯಡ್ಕ

ಉತ್ತರ: ಈ ಕಿಚ್ಚನ್ನು ಆರಿಸಬೇಡಿ, ಮುಂದೆ ಬೇಕಾಗುತ್ತದೆ. ಆದರೆ ಅವಳ ಕೈಯಲ್ಲಿರುವುದು ಒಂದೇ ಅಳತೆಗೋಲು: ಗೆದ್ದೆವೋ, ಸೋತೆವೋ. ಸೋತ ದಿನ ಆ ಕೋಲಿನಲ್ಲಿ ಅಳೆದರೆ ತಾನು ಏನೂ ಅಲ್ಲ. ಅದನ್ನು ತಾಳಲಾರದೆ ತಪ್ಪನ್ನು ಜೊತೆಯವರ ಮೇಲೆ ಹಾಕುತ್ತಾಳೆ. ಇನ್ನೊಂದು ಅಳತೆಗೋಲು ಕೊಡಿ: ನಾನು ಹೇಗೆ ಆಡಿದೆ?

1984ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನ 400 ಮೀ. ಹರ್ಡಲ್ಸ್ ಅವಳಿಗೆ ಹೇಳಿ. ಪಿ.ಟಿ. ಉಷಾ ಅವರಿಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಪಾಲಿನಿಂದ. ಸ್ಥಾನ ನಾಲ್ಕನೆಯದು, ಓಡಿದ್ದು 55.42 ಸೆಕೆಂಡಿನಲ್ಲಿ, ಆ ಸ್ಪರ್ಧೆಯಲ್ಲಿ ಅವರ ಜೀವಮಾನದ ಅತ್ಯುತ್ತಮ ಓಟ. ಮರುವರ್ಷ ಜಕಾರ್ತಾದ ಏಷ್ಯನ್ ಅಥ್ಲೆಟಿಕ್ಸ್ ಕೂಟದಲ್ಲಿ ಐದು ಚಿನ್ನ.

ಕಬಡ್ಡಿಯಲ್ಲಿ ಈ ಎರಡನೇ ಲೆಕ್ಕ ಇಡುವುದು ಸುಲಭ. ಪ್ರತಿ ರೈಡನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ: ಮುಟ್ಟಿ ಬಂದದ್ದು, ಖಾಲಿ ಬಂದದ್ದು, ಸಿಕ್ಕಿಬಿದ್ದದ್ದು, ಯಾವ ಕಾರ್ನರಿನಲ್ಲಿ, ಯಾವ ಹಿಡಿತಕ್ಕೆ. ಐದು ಸಲ ಸಿಕ್ಕಿಬಿದ್ದದ್ದರಲ್ಲಿ ನಾಲ್ಕು ಬೋನಸ್ ಗೆರೆಗೆ ಕಾಲು ಚಾಚಿದಾಗ ಬಲ ಕಾರ್ನರಿನಲ್ಲೇ ಎಂದು ಬರಹದಲ್ಲಿ ಕಂಡರೆ, ಜೊತೆಯವರನ್ನು ದೂರಲು ಜಾಗವಿಲ್ಲ, ತನ್ನನ್ನು ಹಳಿದುಕೊಳ್ಳುವ ಅಗತ್ಯವೂ ಇಲ್ಲ. ಎದುರು ಆರು ಜನ ಇಲ್ಲದಿದ್ದರೆ ಬೋನಸ್ಸೇ ಇಲ್ಲ, ತಲೆ ಎಣಿಸಿದೆಯಾ ಎಂದೂ ಕೇಳಿ. ಆದರೆ ಆಟ ಮುಗಿದ ಕೂಡಲೇ ಬೇಡ. ಅರ್ಧ ಗಂಟೆ ಬಿಡಿ, ನೀರು ಕುಡಿಯಲಿ, ಅಳುವುದಿದ್ದರೆ ಅಳಲಿ. ಕೈಕುಲುಕುವುದಕ್ಕೆ ಮಾತ್ರ ವಿನಾಯಿತಿ ಕೊಡಬೇಡಿ. ಮನಸ್ಸಿದ್ದರೂ ಇಲ್ಲದಿದ್ದರೂ ಅದು ತಂಡದ ನಿಯಮ. ತಪ್ಪಿದರೆ ಮುಂದಿನ ಆಟದ ಮೊದಲಾರ್ಧ ಹೊರಗೆ, ಎಷ್ಟೇ ಒಳ್ಳೆಯ ರೈಡರ್ ಆಗಿರಲಿ.

ಪ್ರಶ್ನೆ: ಮೊಮ್ಮಗನಿಗೆ ಹನ್ನೊಂದು. ಓಟ, ವಾಲಿಬಾಲ್ ಎರಡೂ ಸೇರಿ ವಾರದ ಏಳೂ ದಿನ ತರಬೇತಿ. ಈಗೀಗ ‘ಹೊಟ್ಟೆನೋವು’ ಅಂತ ತಪ್ಪಿಸಿಕೊಳ್ಳುತ್ತಾನೆ. ಸೋಮಾರಿಯಾದನೆ?
— ಅಜ್ಜ, ತಾಳವಾಡಿ

ಉತ್ತರ: ದಣಿದಿರಬಹುದು. ವಯಸ್ಸು ಎಷ್ಟೋ ವಾರಕ್ಕೆ ಅಷ್ಟು ಗಂಟೆಗಿಂತ ಹೆಚ್ಚು ತರಬೇತಿ ಬೇಡ. ಅವನಿಗೆ ಎರಡೂ ಆಟ ಸೇರಿ 11 ಗಂಟೆ. ವಾರಕ್ಕೆ ಒಂದು ದಿನವಾದರೂ ಪೂರ್ತಿ ರಜೆ, ರಾತ್ರಿ ಕನಿಷ್ಠ 9 ಗಂಟೆ ನಿದ್ದೆ. ಮೊದಲು ಎರಡು ವಾರ ತರಬೇತಿ ನಿಲ್ಲಿಸಿ ನೋಡಿ. ತಾನಾಗಿ ಚೆಂಡು ಹಿಡಿದು ಅಂಗಳಕ್ಕಿಳಿದರೆ ಆಟದ ಆಸೆ ಹಾಗೇ ಇದೆ, ಗಂಟೆ ಕಡಿಮೆ ಮಾಡಿ ಮತ್ತೆ ಶುರುಮಾಡಿ. ಹೊಟ್ಟೆನೋವು ರಜೆಯಲ್ಲೂ ಬಂದರೆ ಡಾಕ್ಟರಿಗೆ ತೋರಿಸಿ.