ಖಿನ್ನತೆಯ ಮಾತ್ರೆ ಶುರು ಮಾಡಲಾ? ಎರಡೂವರೆ ವರ್ಷ ನುಂಗಿದವನ ಉತ್ತರ

ನೀವು ಕೇಳಿರುವುದು ಇಷ್ಟು: ಮೊದಲ ಭೇಟಿಯಲ್ಲೇ ಡಾಕ್ಟರ್ ಖಿನ್ನತೆಗೆ ಮಾತ್ರೆ ಬರೆದುಕೊಟ್ಟರು, ಹತ್ತು ದಿನವಾದರೂ ನೀವು ಪೊಟ್ಟಣ ಒಡೆದಿಲ್ಲ. ಇದೆಲ್ಲ ಕಂಪನಿಗಳ ದಂಧೆ ಅಂತ ಕೆಲವರು ಹೇಳುತ್ತಾರೆ. ಶುಗರ್ ಇರುವವರಿಗೆ ಇನ್ಸುಲಿನ್ ಇದ್ದ ಹಾಗೆ, ಸುಮ್ನೆ ತಗೊಳ್ಳಿ ಅಂತ ಇನ್ನು ಕೆಲವರು. ಯಾರನ್ನು ನಂಬಲಿ?

ನನಗೆ ಇದರಲ್ಲಿ ಅನುಭವ ಇದೆ, ಸಿಟ್ಟೂ ಇದೆ. ಎರಡನ್ನೂ ಕಲಸದೆ ಹೇಳಲು ನೋಡುತ್ತೇನೆ. ನಾನು ಡಾಕ್ಟರ್ ಅಲ್ಲ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಓದಿ ಮುಗಿಸಿ ನಿಲ್ಲಿಸಿಬಿಡಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಇನ್ನೊಂದು ಮಾತು. ಸಾಯುವ ಯೋಚನೆ ಬರುತ್ತಿದ್ದರೆ ನನ್ನ ಈ ವಾದವೆಲ್ಲ ಪಕ್ಕಕ್ಕಿರಲಿ. ಇವತ್ತೇ ಹತ್ತಿರದವರೊಬ್ಬರಿಗೆ ಹೇಳಿ, ಅವರನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ.

ನನ್ನ ಕಥೆ. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಗುತ್ತಿತ್ತು. ಮತ್ತೆ ನಿದ್ದೆ ಇಲ್ಲ. ಊಟ ಸೇರುತ್ತಿರಲಿಲ್ಲ, ಹಲ್ಲುಜ್ಜುವುದೂ ಒಂದು ಕೆಲಸದಂತೆ ಕಾಣುತ್ತಿತ್ತು. ಡಾಕ್ಟರ್ ಬಳಿ ಹೋದೆ. ಕೈಗೆ ಒಂದು ಹಾಳೆ ಕೊಟ್ಟರು, ಒಂಬತ್ತು ಪ್ರಶ್ನೆ. ತುಂಬಿಸಿ ಕೊಟ್ಟೆ. ಕೂಡಿ ನೋಡಿದರು. “ನಿಮ್ಮ ಮೆದುಳಿನಲ್ಲಿ ಸೆರಟೋನಿನ್ ಕಡಿಮೆಯಾಗಿದೆ” ಅಂದರು. (ನರಕೋಶಗಳ ನಡುವೆ ಸಂದೇಶ ಸಾಗಿಸುವ ಒಂದು ರಾಸಾಯನಿಕ ಅದು.) ಹತ್ತು ನಿಮಿಷದಲ್ಲಿ ಎಸ್‌ಸಿಟಾಲೊಪ್ರಾಮ್ ಎಂಬ ಖಿನ್ನತೆಯ ಮಾತ್ರೆಯ ಚೀಟಿ ಹಿಡಿದು ಹೊರಗೆ ಬಂದಿದ್ದೆ.

ಆ ಹಾಳೆಯ ಹೆಸರು ಪಿಎಚ್‌ಕ್ಯು-9. ಪ್ರತಿ ಪ್ರಶ್ನೆಗೆ 0ಯಿಂದ 3 ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಧ್ಯಮ ಖಿನ್ನತೆ ಇರಬಹುದು ಅಂತ ಲೆಕ್ಕ. ಯಾರನ್ನು ಇನ್ನಷ್ಟು ವಿಚಾರಿಸಬೇಕು ಅಂತ ಸೋಸಿ ತೆಗೆಯಲು ಅದು ಒಳ್ಳೆಯದೇ. ಆದರೆ ಕಳೆದ ಎರಡು ವಾರ ನಿಮಗೆ ಹೇಗನಿಸಿತು ಅಂತ ಕೇಳುತ್ತದೆಯೇ ಹೊರತು, ನಿಮಗೆ ಏನಾಯಿತು ಅಂತ ಕೇಳುವುದಿಲ್ಲ. ಕೆಲಸ ಹೋದವರಿಗೂ ಮಗು ಕಳೆದುಕೊಂಡವರಿಗೂ ಅದೇ ಹಾಳೆ, ಅದೇ ಅಂಕ. ಅಂದ ಹಾಗೆ ಅದನ್ನು ತಯಾರಿಸಿದ್ದು ಫೈಜರ್ ಎಂಬ ಔಷಧ ಕಂಪನಿ ಕೊಟ್ಟ ಹಣದಲ್ಲಿ. ಖಿನ್ನತೆಗೆ ಕೊಡುವ ಸರ್ಟ್ರಲೀನ್ ಮಾತ್ರೆಯನ್ನು ಮಾರುಕಟ್ಟೆಗೆ ತಂದದ್ದೂ ಅದೇ ಕಂಪನಿ. ಹಾಗಂತ ಹಾಳೆ ಸುಳ್ಳಾಗುವುದಿಲ್ಲ. ನನಗಂತೂ ಇದು ಮೊದಲೇ ಗೊತ್ತಿದ್ದಿದ್ದರೆ ಚೆನ್ನಾಗಿರುತ್ತಿತ್ತು.

ಇನ್ಸುಲಿನ್ ಹೋಲಿಕೆಗೆ ಬರೋಣ. ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಇಲ್ಲೇ. ಶುಗರ್ ಇದ್ದರೆ ರಕ್ತ ತೆಗೆದು ಅಳೆಯುತ್ತಾರೆ. ನನ್ನ ಸೆರಟೋನಿನ್ ಯಾರೂ ಅಳೆಯಲಿಲ್ಲ. ಯಾರಿಗೂ ಅಳೆಯುವುದಿಲ್ಲ. ಖಿನ್ನತೆ ಇದೆಯೋ ಇಲ್ಲವೋ ಅಂತ ಹೇಳುವ ಅಂಥ ಪರೀಕ್ಷೆಯೇ ಇಲ್ಲ. ಹಾಗಾದರೆ ಈ ಮಾತು ಬಂದಿದ್ದು ಎಲ್ಲಿಂದ? 1950ರ ದಶಕದಲ್ಲಿ ಕ್ಷಯರೋಗಕ್ಕೆ ಇಪ್ರೋನಿಯಾಜಿಡ್ ಎಂಬ ಔಷಧಿ ಕೊಟ್ಟಾಗ ರೋಗಿಗಳು ವಿಪರೀತ ಲವಲವಿಕೆಯಿಂದ ಓಡಾಡತೊಡಗಿದರು. ಅದೇ ಹೊತ್ತಿಗೆ ಸ್ವಿಟ್ಜರ್‌ಲೆಂಡಿನಲ್ಲಿ ರೋಲಂಡ್ ಕುಹ್ನ್ ಎಂಬ ವೈದ್ಯರು ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗಕ್ಕೆ ಅಂತ ಪ್ರಯತ್ನಿಸಿದ ಇಮಿಪ್ರಮೈನ್ ಅದಕ್ಕೆ ಪ್ರಯೋಜನವಾಗದೆ ಖಿನ್ನತೆಗೆ ಕೆಲಸ ಮಾಡುವುದನ್ನು ಕಂಡರು. ಎರಡೂ ಆಕಸ್ಮಿಕ. ಈ ಔಷಧಿಗಳು ಮೆದುಳಿನ ಕೆಲವು ರಾಸಾಯನಿಕಗಳನ್ನು ಹೆಚ್ಚಿಸುತ್ತವೆ ಅಂತ ಆಮೇಲೆ ತಿಳಿಯಿತು. ಅಲ್ಲಿಂದ ಹಿಂದಕ್ಕೆ ಊಹಿಸಿದರು: ಹಾಗಾದರೆ ಅವುಗಳ ಕೊರತೆಯೇ ಕಾಯಿಲೆ ಇರಬೇಕು. ಕನ್ನಡಕ ಹಾಕಿದರೆ ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ. ಹಾಗಂತ ಕಣ್ಣಲ್ಲಿ ಗಾಜು ಕಡಿಮೆಯಾಗಿತ್ತು ಅನ್ನುತ್ತೇವಾ?

ಇನ್ನೊಂದು ವಿಚಿತ್ರ ನೋಡಿ. ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಅದು ಸೆರಟೋನಿನ್ ಮೇಲೆ ಕೆಲಸ ಶುರು ಮಾಡುತ್ತದೆ. ಮನಸ್ಸು ಹಗುರವಾಗಲು ಮಾತ್ರ ವಾರಗಟ್ಟಲೆ ಬೇಕು. ಬರೀ ಕೊರತೆ ತುಂಬುವ ವಿಷಯವಾಗಿದ್ದರೆ ಹೀಗಾಗಬಾರದಿತ್ತು. 2022ರಲ್ಲಿ ಬ್ರಿಟನ್ನಿನ ಮನೋವೈದ್ಯೆ ಜೊವಾನಾ ಮಾಂಕ್ರಿಫ್ ಮತ್ತು ಜೊತೆಗಾರರು ಅಲ್ಲಿಯವರೆಗಿನ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ನೋಡಿ, ಖಿನ್ನತೆಗೆ ಸೆರಟೋನಿನ್ ಕೊರತೆ ಕಾರಣ ಅನ್ನಲು ಗಟ್ಟಿ ಪುರಾವೆ ಇಲ್ಲ ಅಂದರು. ಅದಕ್ಕೆ ಹಲವು ಮನೋವೈದ್ಯರು ಕೊಟ್ಟ ಉತ್ತರ ಇನ್ನೂ ತಮಾಷೆಯಾಗಿತ್ತು: “ಇದು ನಮಗೆ ಮೊದಲೇ ಗೊತ್ತಿತ್ತು, ಅಷ್ಟು ಸರಳವಾಗಿ ನಾವ್ಯಾರೂ ನಂಬಿರಲಿಲ್ಲ.” ಸರಿ ಸ್ವಾಮಿ, ಮತ್ತೆ ನನಗ್ಯಾಕೆ ಹಾಗೆ ಹೇಳಿದಿರಿ?

ಆದರೆ ಯಾಕೆ ಕೆಲಸ ಮಾಡುತ್ತದೆ ಅನ್ನುವುದು ಗೊತ್ತಿಲ್ಲದಿದ್ದರೂ ಔಷಧಿ ಕೆಲಸ ಮಾಡಬಹುದು. ಹಾಗಾಗಿ ಅಸಲಿ ಪ್ರಶ್ನೆ, ಮಾಡುತ್ತದಾ ಅನ್ನುವುದು.

ಇಲ್ಲೊಂದು ಲೆಕ್ಕ ಹೇಳುತ್ತೇನೆ, ನನ್ನ ತಲೆಯಲ್ಲಿ ಅಚ್ಚೊತ್ತಿ ಕೂತಿದೆ. 2008ರಲ್ಲಿ ಎರಿಕ್ ಟರ್ನರ್ ಎಂಬ ಮನೋವೈದ್ಯರು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಕಂಪನಿಗಳು ಸಲ್ಲಿಸಿದ್ದ ಕಡತಗಳನ್ನು ತೆರೆದು ನೋಡಿದರು. ಖಿನ್ನತೆಯ 12 ಬಗೆಯ ಮಾತ್ರೆಗಳ ಮೇಲೆ 74 ಪ್ರಯೋಗ ನಡೆದಿದ್ದವು. 38ರಲ್ಲಿ ಫಲಿತಾಂಶ ಚೆನ್ನಾಗಿತ್ತು, ಅವುಗಳಲ್ಲಿ 37 ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟವಾದವು. ಉಳಿದ 36ರಲ್ಲಿ ಮಾತ್ರೆ ಸೋತಿತ್ತು ಅಥವಾ ಫಲಿತಾಂಶ ಅನುಮಾನದ್ದಾಗಿತ್ತು. ಅವುಗಳಲ್ಲಿ 22 ಪ್ರಕಟವೇ ಆಗಲಿಲ್ಲ. 11ನ್ನು ಗೆದ್ದಂತೆ ಕಾಣುವ ಹಾಗೆ ಬರೆದು ಪ್ರಕಟಿಸಿದರು. ಇದ್ದದ್ದು ಇದ್ದ ಹಾಗೆ ಬಂದದ್ದು ಮೂರೇ ಮೂರು. ಪತ್ರಿಕೆ ಓದುವ ಪ್ರಾಮಾಣಿಕ ಡಾಕ್ಟರಿಗೂ ನೂರಕ್ಕೆ 94 ಪ್ರಯೋಗ ಗೆದ್ದಂತೆ ಕಾಣುತ್ತಿತ್ತು. ನಿಜ ಅರ್ಧದಷ್ಟು. ನನ್ನ ಡಾಕ್ಟರನ್ನು ನಾನು ಪೂರ್ತಿ ಬೈಯದೆ ಬಿಟ್ಟಿದ್ದು ಇದನ್ನು ಓದಿದ ಮೇಲೆ. ಅವರಿಗೂ ಅರ್ಧ ಪುಟ ಹರಿದ ಪುಸ್ತಕವನ್ನೇ ಕೊಟ್ಟಿದ್ದರು.

ಅದೇ ವರ್ಷ ಮನೋವಿಜ್ಞಾನಿ ಇರ್ವಿಂಗ್ ಕಿರ್ಶ್ ತಂಡ ನಾಲ್ಕು ಬಗೆಯ ಹೊಸ ಮಾತ್ರೆಗಳ ಲೆಕ್ಕ ಹಾಕಿತು. ಖಿನ್ನತೆ ಅಳೆಯುವ ಹ್ಯಾಮಿಲ್ಟನ್ ಪಟ್ಟಿಯಲ್ಲಿ 50ಕ್ಕೂ ಹೆಚ್ಚು ಅಂಕಗಳಿವೆ. ಅಸಲಿ ಮಾತ್ರೆಗೂ ಔಷಧಿಯೇ ಇಲ್ಲದ ಡಮ್ಮಿ ಮಾತ್ರೆಗೂ ಬಂದ ಸರಾಸರಿ ವ್ಯತ್ಯಾಸ 1.8 ಅಂಕ. ತೀರಾ ತೀವ್ರ ಖಿನ್ನತೆ ಇದ್ದವರಲ್ಲಿ ವ್ಯತ್ಯಾಸ ಜಾಸ್ತಿ ಇತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ನಾನೂ ಅರ್ಧ ಪುಟ ಹರಿದಂತೆ. 2018ರಲ್ಲಿ ಮನೋವೈದ್ಯ ಆಂಡ್ರಿಯಾ ಚಿಪ್ರಿಯಾನಿ ತಂಡ ಪ್ರಕಟವಾಗದ ಪ್ರಯೋಗಗಳನ್ನೂ ಹುಡುಕಿ ಸೇರಿಸಿ 522 ಪ್ರಯೋಗ, ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳ ಲೆಕ್ಕ ಹಾಕಿತು. 21 ಬಗೆಯ ಮಾತ್ರೆಗಳೂ ಡಮ್ಮಿಗಿಂತ ಮೇಲು ಅಂತಲೇ ಬಂತು. ಬಹಳ ಅಲ್ಲ, ಆದರೆ ಮೇಲು. ಇದು ಸರಾಸರಿಯ ಮಾತು. ಸರಾಸರಿಯ ಒಳಗೆ ಜೀವ ಉಳಿದವರೂ ಇರುತ್ತಾರೆ, ಏನೂ ಆಗದವರೂ ಇರುತ್ತಾರೆ, ಇನ್ನಷ್ಟು ಕೆಟ್ಟವರೂ ಇರುತ್ತಾರೆ. ಡಮ್ಮಿ ತೆಗೆದುಕೊಂಡವರಲ್ಲೂ ಬಹಳ ಜನ ಚೇತರಿಸಿಕೊಳ್ಳುತ್ತಾರೆ ಅನ್ನುವುದು ನನಗೆ ಇನ್ನೂ ಕುತೂಹಲದ ವಿಷಯ. ಪ್ರಯೋಗದಲ್ಲಿ ಯಾರೋ ಒಬ್ಬರು ಮತ್ತೆ ಮತ್ತೆ ಕರೆದು, ಎದುರಿಗೆ ಕೂರಿಸಿಕೊಂಡು, ನಿದ್ದೆ ಬಂತಾ, ಊಟ ಸೇರಿತಾ ಅಂತ ಕೇಳುತ್ತಾರಲ್ಲ. ನನಗೆ ಸಿಕ್ಕಿದ್ದು ಹತ್ತು ನಿಮಿಷ.

ನನಗೆ ಮಾತ್ರೆ ಏನು ಮಾಡಿತು? ಮೊದಲ ಎರಡು ವಾರ ವಾಕರಿಕೆ, ಆಕಳಿಕೆ, ಒಳಗೊಳಗೇ ಚಡಪಡಿಕೆ. ನಾಲ್ಕನೇ ವಾರ ಒಂದು ದಿನ ಬೆಳಗ್ಗೆ ಆರಕ್ಕೆ ಎಚ್ಚರವಾಯಿತು. ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿದಿತ್ತು. ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಆಗ ನನಗೆ ಅದು ಬೇಕಾಗಿತ್ತು. ಮಾತ್ರೆಯಿಂದಲೋ, ಕಾಲ ಕಳೆದದ್ದರಿಂದಲೋ, ಅದು ನನಗೂ ಗೊತ್ತಿಲ್ಲ.

ಆದರೆ ಎಂಟು ತಿಂಗಳ ನಂತರ ಅಜ್ಜಿ ತೀರಿಕೊಂಡರು. ನನ್ನನ್ನು ಬೆಳೆಸಿದ ಅಜ್ಜಿ. ಎಲ್ಲರೂ ಅಳುತ್ತಿದ್ದರು. ನಾನು ಕುರ್ಚಿ ಜೋಡಿಸುತ್ತಾ ಓಡಾಡುತ್ತಿದ್ದೆ. ದುಃಖ ಇದೆ ಅಂತ ಗೊತ್ತಿತ್ತು, ಕೈಗೆ ಮಾತ್ರ ಸಿಗುತ್ತಿರಲಿಲ್ಲ. ಗಾಜಿನ ಆಚೆ ಇಟ್ಟ ಹಾಗೆ. ಡಾಕ್ಟರಿಗೆ ಹೇಳಿದೆ. “ಒಳ್ಳೆಯದೇ ಅಲ್ವಾ, ಸ್ಥಿರವಾಗಿದ್ದೀರಿ” ಅಂದರು. ಭಾವನೆಗಳು ಹೀಗೆ ಮೊಂಡಾಗುವುದು ಈ ಮಾತ್ರೆ ನುಂಗುವವರಲ್ಲಿ ಸಾಮಾನ್ಯ ಅಂತ ಆಮೇಲೆ ಓದಿ ತಿಳಿದುಕೊಂಡೆ. ಲೈಂಗಿಕ ಆಸಕ್ತಿ ಕುಗ್ಗುವುದೂ ಅಷ್ಟೇ ಸಾಮಾನ್ಯ. ಅದನ್ನು ಅವರು ಹೇಳಲಿಲ್ಲ, ನಾನೂ ನಾಚಿಕೆಯಿಂದ ಕೇಳಲಿಲ್ಲ.

ಎರಡೂವರೆ ವರ್ಷಕ್ಕೆ ಸಾಕಾಯಿತು. ಒಂದು ದಿನ ನಾನೇ ನಿಲ್ಲಿಸಿಬಿಟ್ಟೆ. ಇದು ನನ್ನದೇ ದೊಡ್ಡ ತಪ್ಪು. ಮೂರನೇ ದಿನದಿಂದ ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗುತ್ತಿತ್ತು. ತಲೆಸುತ್ತು, ಕೆಟ್ಟ ಕನಸು, ಕಾರಣವಿಲ್ಲದ ಅಳು. (ಎರಡು ವರ್ಷ ಬಾರದ ಅಳು, ಆಗ ಹಲ್ಲುಜ್ಜುವ ಬ್ರಷ್ ಕೆಳಗೆ ಬಿದ್ದಿದ್ದಕ್ಕೆ ಬಂತು.) ಡಾಕ್ಟರ್ “ನೋಡಿ, ಕಾಯಿಲೆ ವಾಪಸ್ ಬಂತು, ಇನ್ನು ಜೀವನಪೂರ್ತಿ ಬೇಕಾಗಬಹುದು” ಅಂದರು. ಖಿನ್ನತೆ ಮರಳುವುದು ಸುಳ್ಳಲ್ಲ, ಮಾತ್ರೆ ಬಿಟ್ಟವರಲ್ಲಿ ಹಲವರಿಗೆ ಮರಳುತ್ತದೆ. ಆದರೆ ಅದು ಸಾಮಾನ್ಯವಾಗಿ ಮೆಲ್ಲಗೆ ಬರುತ್ತದೆ. ಮೂರೇ ದಿನಕ್ಕೆ ತಲೆಯಲ್ಲಿ ಕರೆಂಟ್ ಹೊಡೆಯುವುದಿಲ್ಲ. ಅದು ಮಾತ್ರೆ ಬಿಟ್ಟದ್ದರ ಪರಿಣಾಮ. ಬ್ರಿಟನ್ನಿನ ಮನೋವೈದ್ಯರ ಸಂಘವೇ ಈ ತೊಂದರೆ ಕೆಲವರಲ್ಲಿ ತೀವ್ರವಾಗಿ, ದೀರ್ಘಕಾಲ ಇರಬಹುದು ಅಂತ ಒಪ್ಪಿಕೊಂಡದ್ದು 2019ರಲ್ಲಿ. ಎಲ್ಲರಿಗೂ ಹೀಗಾಗುವುದಿಲ್ಲ. 2024ರ ಒಂದು ದೊಡ್ಡ ಪರಿಶೀಲನೆಯ ಪ್ರಕಾರ, ಮಾತ್ರೆ ಬಿಟ್ಟದ್ದರಿಂದಲೇ ಆಯಿತು ಅನ್ನಬಹುದಾದ ತೊಂದರೆ ಬರುವುದು ಆರೇಳು ಜನರಲ್ಲಿ ಒಬ್ಬರಿಗೆ. ನಾನು ಆ ಒಬ್ಬ.

ಬೇರೊಬ್ಬ ಡಾಕ್ಟರ್ ಮತ್ತೆ ಶುರು ಮಾಡಿಸಿ, ಹನಿ ರೂಪದ ಔಷಧಿ ಕೊಟ್ಟು ಒಂಬತ್ತು ತಿಂಗಳಲ್ಲಿ ಇಳಿಸಿದರು. 20ರಿಂದ 10 ಮಿಲಿಗ್ರಾಂಗೆ ಇಳಿದಾಗ ಏನೂ ಆಗಲಿಲ್ಲ. ಕೊನೆಯ 2 ಮಿಲಿಗ್ರಾಂ ಬಿಡುವಾಗ ಪ್ರಾಣ ಹಿಂಡಿತು. ಸಣ್ಣ ಪ್ರಮಾಣವೇ ಮೆದುಳಿನಲ್ಲಿ ದೊಡ್ಡ ಕೆಲಸ ಮಾಡುತ್ತದೆ, ಅದಕ್ಕೇ ಕೆಳಗಿಳಿದಂತೆ ಹೆಜ್ಜೆ ಚಿಕ್ಕದಾಗಬೇಕು ಅಂತ ಅವರು ಬಿಡಿಸಿ ಹೇಳಿದರು.

ಕೌನ್ಸೆಲಿಂಗ್ ಬಗ್ಗೆಯೂ ನನಗೆ ಭಕ್ತಿಯೇನಿಲ್ಲ. ಮೊದಲನೆಯವರು ದಿನಾ ಮೂರು ಒಳ್ಳೆಯ ವಿಷಯ ಬರೆಯಿರಿ ಅಂದರು. ರಾತ್ರಿ ಹನ್ನೊಂದರವರೆಗೆ ದುಡಿಸಿಕೊಳ್ಳುವ ಕೆಲಸದಲ್ಲಿದ್ದವನು ಏನು ಬರೆಯಲಿ? ಎರಡನೆಯವರು ಮನಸ್ಸಿಲ್ಲದಿದ್ದರೂ ದಿನಾ ಇದೇ ಹೊತ್ತಿಗೆ ಹೊರಗೆ ಹೋಗಿ, ಇದೇ ಹೊತ್ತಿಗೆ ಏಳಿ ಅಂತ ಚಿಕ್ಕ ಚಿಕ್ಕ ಕೆಲಸ ಕೊಟ್ಟರು. ಅದು ಹಿಡಿಯಿತು. ಕೆಲಸ ಬದಲಿಸಿದ್ದು ಇನ್ನೂ ಜಾಸ್ತಿ ಹಿಡಿಯಿತು. ಎಲ್ಲರಿಗೂ ಕೆಲಸ ಬದಲಿಸುವ ಭಾಗ್ಯ ಇರುವುದಿಲ್ಲ ಅನ್ನುವುದೂ ಗೊತ್ತು.

ನಿಮ್ಮ ಪೊಟ್ಟಣಕ್ಕೆ ಬರುತ್ತೇನೆ. ನಿಮಗೆ ಏಳಲೂ ಆಗುತ್ತಿಲ್ಲ, ಊಟ ನಿದ್ದೆ ಬಿಟ್ಟು ತಿಂಗಳುಗಳಾಗಿವೆ ಅಂದರೆ ನಾನಾಗಿದ್ದರೆ ತೆಗೆದುಕೊಳ್ಳುತ್ತಿದ್ದೆ. ಒಂದು ಕೆಟ್ಟ ತಿಂಗಳು ಅಷ್ಟೇ ಆಗಿದ್ದರೆ ಕಾಯುತ್ತಿದ್ದೆ. ಎರಡರಲ್ಲಿ ಯಾವುದೇ ಆದರೂ ಡಾಕ್ಟರ್ ಬಳಿ ಇನ್ನೊಮ್ಮೆ ಹೋಗಿ ಕೇಳುತ್ತಿದ್ದೆ: ಎಷ್ಟು ತಿಂಗಳಿಗೆ, ಯಾವಾಗ ಮರುಪರಿಶೀಲನೆ, ಬಿಡುವಾಗ ಹೇಗೆ ಇಳಿಸುತ್ತೀರಿ? ಮೂರನೆಯದಕ್ಕೆ ಉತ್ತರ ಇಲ್ಲದಿದ್ದರೆ ಇನ್ನೊಬ್ಬ ಡಾಕ್ಟರನ್ನು ಹುಡುಕುತ್ತಿದ್ದೆ. ನಿಮಗೆ 25 ತುಂಬಿಲ್ಲದಿದ್ದರೆ ಮೊದಲ ವಾರಗಳಲ್ಲಿ ಮನೆಯವರು ನಿಮ್ಮ ಮೇಲೆ ಕಣ್ಣಿಟ್ಟಿರಲಿ. ಆ ವಯಸ್ಸಿನವರಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು ಅಂತ ಎಫ್‌ಡಿಎ ಈ ಔಷಧಿಗಳ ಮಾಹಿತಿ ಪತ್ರದಲ್ಲೇ ಎಚ್ಚರಿಕೆ ಹಾಕಿಸಿದೆ. ನಿದ್ದೆಯೇ ಬೇಡ ಅನ್ನುವಷ್ಟು ಉತ್ಸಾಹದ ದಿನಗಳು ಹಿಂದೆ ಎಂದಾದರೂ ಬಂದಿದ್ದರೆ ಅದನ್ನೂ ತಪ್ಪದೆ ಹೇಳಿ. ಅದು ಬೈಪೋಲಾರ್ (ಅತಿ ಉತ್ಸಾಹ ಮತ್ತು ಖಿನ್ನತೆ ಎರಡೂ ಬಂದು ಹೋಗುವ ಕಾಯಿಲೆ) ಆಗಿದ್ದರೆ ಬರೀ ಈ ಮಾತ್ರೆ ಎಡವಟ್ಟು ಮಾಡಬಹುದು.

ಆ ಎರಡನೇ ಡಾಕ್ಟರ್ ಮೊದಲ ದಿನ ನನ್ನ ರಕ್ತ ತೆಗೆಸಿದ್ದರು. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್. ನನ್ನದೆಲ್ಲ ಸರಿ ಇತ್ತು. ಆದರೆ ಇವು ಏರುಪೇರಾದರೂ ಇದೇ ಸುಸ್ತು, ಇದೇ ಬೇಸರ. ನಿಮಗೆ ಇವನ್ನು ಮಾಡಿಸಿದ್ದಾರಾ? ಪ್ರಶ್ನೆಯಲ್ಲಿ ಬರೆದಿಲ್ಲ.